ಹಬ್ ಸುಟ್ಟ ಹಳೇ ಲಾರಿ: ವೆಲ್ಡಿಂಗ್ ಸಾಕಾ, ಹೌಸಿಂಗ್ ಬದಲಿಸಬೇಕಾ?

ಪ್ರಶ್ನೆ: ಸರ್, ನನ್ನದು ಟಾಟಾ 1613 ಲಾರಿ, 2003ರ ಮಾಡೆಲ್. ಐದು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತಗೊಂಡೆ. ಮೊದಲಿನ ಓನರ್ ಹತ್ತಿರ ಇದ್ದಾಗ ಹೊಸಪೇಟೆ ಕಡೆ ಅದಿರು ಹೊಡೆಯುತ್ತಿತ್ತಂತೆ. ನಾನು ತಿಪಟೂರಿನಿಂದ ಮಂಗಳೂರಿಗೆ ತೆಂಗಿನಕಾಯಿ ಲೋಡು ಹಾಕುತ್ತೇನೆ. ಹೋದ ತಿಂಗಳು ಶಿರಾಡಿ ಘಾಟಿ ಇಳಿದು ಗುಂಡ್ಯ ದಾಟುವಾಗ ಹಿಂದಿನ ಎಡಗಡೆ ಚಕ್ರದಿಂದ ಹೊಗೆ ಬಂತು. ಬಿಚ್ಚಿ ನೋಡಿದರೆ ಹಬ್ಬಿನ ಒಳಗಡೆ ಬೇರಿಂಗ್ ಪುಡಿಪುಡಿ. ಅದರ ಒಳ ರೇಸು (ಒಳಗಿನ ಉಂಗುರ) ಹೌಸಿಂಗಿಗೆ, ಅಂದರೆ ಆಕ್ಸಲಿನ ಹೊರಕವಚಕ್ಕೆ, ಕಚ್ಚಿಕೊಂಡಿತ್ತು, ಗ್ಯಾಸಿನಲ್ಲಿ ಕತ್ತರಿಸಿ ತೆಗೆದರು. ಈಗ ಆ ಜಾಗದಲ್ಲಿ ಒಂದು ಗೀರು ಬಿದ್ದಿದೆ, ಬೇರಿಂಗ್ ಕೂರುವ ಭಾಗ ಸವೆದಿದೆ, ನಟ್ಟಿನ ಥ್ರೆಡ್ಡೂ ಸ್ವಲ್ಪ ಹೋಗಿದೆ. ಆಕ್ಸಲ್ ಶಾಫ್ಟಿನ ಎರಡು ಸ್ಟಡ್ ಮುರಿದಿವೆ. ಒಬ್ಬ ಮೇಸ್ತ್ರಿ ವೆಲ್ಡಿಂಗ್ ತುಂಬಿಸಿ ಗ್ರೈಂಡರಿನಲ್ಲಿ ಉಜ್ಜಿ ಕೊಡ್ತೀನಿ, ಒಂದೇ ದಿನದ ಕೆಲಸ ಅಂತಾರೆ. ಇನ್ನೊಬ್ಬರು ಹೌಸಿಂಗೇ ಬದಲಿಸಿ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತನ್ನೂ ಈಗಲೇ ಕೇಳಬೇಡಿ. ಮೊದಲು ಆ ಜಾಗವನ್ನು ತೊಳೆದು, ಬಿರುಕು ಇದೆಯಾ ಅಂತ ನೋಡಿ, ಅಳತೆ ತೆಗೆಸಿ. ಅದಾದ ಮೇಲೆ ಏನು ಮಾಡಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತದೆ. ಒಂದು ಮಾತು ಮಾತ್ರ ಈಗಲೇ ಹೇಳುತ್ತೇನೆ. ವೆಲ್ಡಿಂಗ್ ತುಂಬಿಸಿ ಕೈ ಗ್ರೈಂಡರಿನಲ್ಲಿ ಉಜ್ಜುವ ಕೆಲಸಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

ನಿಮ್ಮ ಲಾರಿಯ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ಮಾದರಿಯದು. ಹಬ್ಬಿನ ಮುಖದ ಮೇಲಿನ ನಟ್ಟುಗಳನ್ನು ಬಿಚ್ಚಿ ಆಕ್ಸಲ್ ಶಾಫ್ಟನ್ನು ಪೂರ್ತಿ ಹೊರಗೆ ಎಳೆದರೂ ಲಾರಿ ತನ್ನ ಚಕ್ರದ ಮೇಲೇ ನಿಂತಿರುತ್ತದೆ. ದಾರಿಯಲ್ಲಿ ಶಾಫ್ಟ್ ಮುರಿದ ಲಾರಿಗಳನ್ನು ಹಾಗೇ ಎಳೆದುಕೊಂಡು ಬರುವುದನ್ನು ನೀವೂ ನೋಡಿರುತ್ತೀರಿ. ಅಂದರೆ ಶಾಫ್ಟಿನ ಕೆಲಸ ಚಕ್ರವನ್ನು ತಿರುಗಿಸುವುದು, ಅಷ್ಟೇ. ಭಾರ ಹೊರುವುದು ಹೌಸಿಂಗ್. ಹೌಸಿಂಗಿನ ಎರಡೂ ಕಡೆ ಕೊಳವೆಯ ಹಾಗೆ ಚಾಚಿಕೊಂಡ ತುದಿ ಇದೆಯಲ್ಲ, ಅದಕ್ಕೆ ಸ್ಪಿಂಡಲ್ ಅಂತಾರೆ. ಅದರ ಮೇಲೆ ಎರಡು ಟೇಪರ್ ಬೇರಿಂಗ್, ಅವುಗಳ ಮೇಲೆ ಹಬ್, ಹಬ್ಬಿಗೆ ಡ್ರಮ್ಮು ಮತ್ತು ಜೋಡಿ ಟಯರು. ಶಾಫ್ಟ್ ಮುರಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಸ್ಪಿಂಡಲ್ ಮುರಿದರೆ ಡ್ರಮ್ಮಿನ ಸಮೇತ ಚಕ್ರವೇ ಕಳಚಿ ಹೋಗುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಗ್ಯಾರೇಜಿಗೆ ನಿಮ್ಮದೇ ಥರದ ಕೇಸ್ ಬಂತು. ಓನರ್‌ಗೆ ಅರ್ಜೆಂಟು. ನಾನೇ ನಿಂತು ಸ್ಪಿಂಡಲ್ಲಿನ ಬುಡಕ್ಕೆ, ಒಳ ಬೇರಿಂಗ್ ಒರಗುವ ಮೂಲೆಯಲ್ಲಿ, ಸುತ್ತ ಬಳೆ ಹಾಕಿದ ಹಾಗೆ ವೆಲ್ಡಿಂಗ್ ಮಾಡಿಸಿದೆ. ಮೂರು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಒಂದು ರಾತ್ರಿ ಲೋಡಿನಲ್ಲಿ ಹೋಗುವಾಗ ಆ ಬಳೆಯ ಅಂಚಿಗೇ ಮುರಿಯಿತು. ಚಕ್ರ ಉರುಳಿ ಜೋಳದ ಹೊಲಕ್ಕೆ ಹೋಗಿ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಅವತ್ತು ಎದುರಿಗೆ ಒಂದು ಬೈಕ್ ಬಂದಿದ್ದರೂ ಸಾಕಿತ್ತು. ಬೆಳಿಗ್ಗೆ ಮುರಿದ ಜಾಗವನ್ನು ಟಾರ್ಚ್ ಹಾಕಿ ನೋಡಿದೆ. ಮುಕ್ಕಾಲು ಭಾಗ ಕಪ್ಪಗೆ, ನುಣ್ಣಗೆ, ಮರ ಕೊಯ್ದಾಗ ಕಾಣುವ ಉಂಗುರಗಳ ಹಾಗೆ ಗೆರೆ ಗೆರೆಯಾಗಿತ್ತು. ಉಳಿದ ಕಾಲು ಭಾಗ ಮಾತ್ರ ಹೊಸದಾಗಿ ಹೊಳೆಯುತ್ತಾ, ಕಲ್ಲುಸಕ್ಕರೆ ಮುರಿದ ಹಾಗೆ ಹರಳು ಹರಳಾಗಿತ್ತು. ಅಂದರೆ ಬಿರುಕು ಅವತ್ತು ರಾತ್ರಿ ಹುಟ್ಟಿದ್ದಲ್ಲ. ವಾರಗಟ್ಟಲೆ ಒಳಗೊಳಗೇ ಬೆಳೆದು, ಕೊನೆಗೆ ಉಳಿದ ಕಾಲು ಭಾಗ ಭಾರ ತಡೆಯಲಾರದೆ ಒಂದೇ ಸಲ ಹೋಗಿತ್ತು. ಅವತ್ತಿನಿಂದ ಆ ಮೂಲೆಗೆ ವೆಲ್ಡಿಂಗ್ ರಾಡ್ ತಾಗಿಸಲು ನಾನು ಯಾರಿಗೂ ಬಿಟ್ಟಿಲ್ಲ.

ಸರಿ, ನಿಮ್ಮ ಗಾಡಿಗೆ ಬರೋಣ. ರಿಪೇರಿಗಿಂತ ಮೊದಲು ಬೇರಿಂಗ್ ಯಾಕೆ ಸುಟ್ಟಿತು ಅನ್ನೋದು ಗೊತ್ತಾಗಬೇಕು. ಅದು ಗೊತ್ತಾಗದೆ ಹೊಸ ಹೌಸಿಂಗ್ ಹಾಕಿದರೂ ಹೊಸ ಬೇರಿಂಗ್ ಮತ್ತೆ ಸುಡುತ್ತದೆ.

ಪುಡಿಯಾದ ಬೇರಿಂಗನ್ನು ಎಸೆದಿಲ್ಲ ತಾನೇ? ಚೂರುಗಳನ್ನು ಡೀಸೆಲ್‌ನಲ್ಲಿ ತೊಳೆದು ಬಿಳಿ ಬಟ್ಟೆಯ ಮೇಲೆ ಹರಡಿ. ರೋಲರುಗಳು ನೀಲಿ ಬಣ್ಣಕ್ಕೆ ತಿರುಗಿದ್ದರೆ ಬಿಸಿಯಿಂದ ಹೋಗಿದೆ ಅಂತ ಅರ್ಥ. ರೋಲರಿನ ದಪ್ಪ ತುದಿಯ ಮುಖ ಗೀಚಿಕೊಂಡು ಸವೆದಿದ್ದರೆ ಗ್ರೀಸ್ ಸಾಲದೆ ಹೋಗಿದೆ, ಇಲ್ಲಾ ನಟ್ಟು ಅತಿ ಬಿಗಿಯಾಗಿತ್ತು. ಬಣ್ಣ ಬದಲಾಗಿಲ್ಲ, ರೇಸಿನ ಮೇಲೆ ಸಿಡುಬಿನ ಕಲೆಯ ಹಾಗೆ ಗುಳಿ ಬಿದ್ದಿದೆ ಅಂದರೆ ಭಾರಕ್ಕೋ ವಯಸ್ಸಿಗೋ ಹೋಗಿದೆ. ಆ ಗುಳಿಗಳು ಒಳ ರೇಸಿನ ಕೆಳಭಾಗದಲ್ಲೇ ಜಾಸ್ತಿ ಇರುತ್ತವೆ. ಒಳ ರೇಸು ತಿರುಗುವುದಿಲ್ಲ, ನೆಲ ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ, ಹಾಗಾಗಿ ಪೆಟ್ಟು ತಿನ್ನುವುದು ಯಾವಾಗಲೂ ಅಡಿಭಾಗ. ಸ್ಪಿಂಡಲ್ಲಿನ ಸವೆತವೂ ಅಡಿಗೇ ಜಾಸ್ತಿ.

ಹೊಗೆ ಬಂದಿದ್ದು ಘಾಟಿ ಇಳಿದ ಮೇಲೆ ಅಂತ ಬರೆದಿದ್ದೀರಿ. ಅದಕ್ಕೇ ನನಗೆ ಮೊದಲ ಅನುಮಾನ ಬ್ರೇಕಿನ ಮೇಲೆ. ಸಕಲೇಶಪುರ ದಾಟಿ ಇಳಿಯಲು ಶುರು ಮಾಡಿದರೆ ಗುಂಡ್ಯದವರೆಗೂ ಬ್ರೇಕಿಗೆ ಬಿಡುವಿಲ್ಲ. ಎಡಗಡೆಯ ಬ್ರೇಕ್ ಒಂದು ಬಿಡದೆ ಹಿಡಿದುಕೊಂಡಿದ್ದರೆ ಡ್ರಮ್ಮಿನ ಬಿಸಿ ಹಬ್ಬಿಗೆ ಇಳಿಯುತ್ತದೆ, ಹಬ್ಬಿನ ಗ್ರೀಸ್ ಎಣ್ಣೆಯ ಹಾಗೆ ಕರಗಿ ಸೀಲಿನ ಕಡೆಗೆ ಹರಿಯುತ್ತದೆ. ಬ್ರೇಕ್ ಒತ್ತಿದಾಗ ತಿರುಗಿ ಲೈನರನ್ನು ಡ್ರಮ್ಮಿಗೆ ತಳ್ಳುವ ಎಸ್ ಕ್ಯಾಮ್ ಇದೆಯಲ್ಲ, ಅದರ ಬುಷ್ ಸವೆದಿದೆಯಾ, ಕ್ಯಾಮ್ ಕೈಯಲ್ಲಿ ಸಲೀಸಾಗಿ ತಿರುಗುತ್ತದಾ, ಲೈನರ್ ಎಳೆಯುವ ಸ್ಪ್ರಿಂಗಿಗೆ ಜೀವ ಇದೆಯಾ ನೋಡಿ. ಡ್ರಮ್ಮಿನ ಒಳಮೈ ನೀಲಿಗಟ್ಟಿ ಸಣ್ಣ ಸಣ್ಣ ಬಿರುಕು ಬಿಟ್ಟಿದ್ದರೆ ಅಪರಾಧಿ ಬ್ರೇಕೇ.

ಎರಡನೇ ಅನುಮಾನ ಬ್ರೀದರ್. ಹೌಸಿಂಗಿನ ಮೇಲೆ ಒಂದು ಪುಟ್ಟ ಟೋಪಿಯ ಹಾಗಿನ ಸಾಮಾನು ಇರುತ್ತದೆ, ಮಣ್ಣು ಮೆತ್ತಿ ಅದು ಅಲ್ಲಿದೆ ಅಂತಲೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಅದರ ತೂತು ಮುಚ್ಚಿದರೆ ಬಿಸಿಯಾದಾಗ ಹೌಸಿಂಗಿನ ಒಳಗೆ ಗಾಳಿಯ ಒತ್ತಡ ಏರುತ್ತದೆ. ಆ ಒತ್ತಡ ಹೌಸಿಂಗಿನ ನಡುವೆ ಇರುವ ಗೇರುಗಳ, ಅಂದರೆ ಡಿಫರೆನ್ಷಿಯಲ್ಲಿನ, ಆಯಿಲನ್ನು ಸೀಲ್ ದಾಟಿಸಿ ಹಬ್ಬಿಗೆ ತಳ್ಳುತ್ತದೆ. ಆಯಿಲ್ ಬಂದು ಗ್ರೀಸನ್ನು ತೊಳೆದು, ಮುಂದೆ ಹೋಗಿ ಲೈನರನ್ನೂ ನೆನೆಸುತ್ತದೆ. ಕೆಂಪು ಮಣ್ಣಿನ ರಸ್ತೆಯಲ್ಲಿ ದುಡಿದ ಗಾಡಿಗಳಲ್ಲಿ ಇದು ತುಂಬಾ ಸಾಮಾನ್ಯ. ಬ್ರೀದರನ್ನು ಬಿಚ್ಚಿ ಬಾಯಲ್ಲಿ ಊದಿದರೆ ಗೊತ್ತಾಗುತ್ತದೆ. ಇಷ್ಟು ಸಣ್ಣ ಸಾಮಾನಿಗೆ ಎಷ್ಟು ಹಬ್ಬುಗಳು ಬಲಿಯಾಗಿವೆಯೋ!

ಮೂರನೆಯದು ನೀವೇ ಬರೆದ ಅದಿರಿನ ಕಥೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆ ಕಡೆಯ ಲಾರಿಗಳು ಬೇರೆ ಬೇರೆ ಜಿಲ್ಲೆಗಳಿಗೆ ಮಾರಾಟವಾಗಿ ಹೋದವು. ಅದಕ್ಕೂ ಮೊದಲು ಅವುಗಳ ಮೇಲೆ ಎಷ್ಟು ಓವರ್‌ಲೋಡ್ ಬೀಳುತ್ತಿತ್ತು ಅನ್ನೋದು ಆ ರಸ್ತೆಯಲ್ಲಿ ಓಡಾಡಿದವರಿಗೆಲ್ಲಾ ಗೊತ್ತು. ಆಗ ನಾಲ್ಕು ಟಯರಿನ ಒಂಟಿ ಹಿಂದಿನ ಆಕ್ಸಲ್‌ಗೆ ಕಾನೂನಿನ ಮಿತಿ 10.2 ಟನ್. 2018ರಲ್ಲಿ ಅದನ್ನು 11.5 ಟನ್ನಿಗೆ ಏರಿಸಿದರು. ಕಾಗದದ ಮೇಲೆ ಮಿತಿ ಏರಿತು ಅಂತ ಹಳೇ ಹೌಸಿಂಗಿನ ಕಬ್ಬಿಣ ದಪ್ಪವಾಗುವುದಿಲ್ಲ, ಅಲ್ವಾ? ನಿಮ್ಮ ಆರ್‌ಸಿಯಲ್ಲಿರುವ ತೂಕವನ್ನೇ ಪಾಲಿಸಿ.

ಓವರ್‌ಲೋಡ್ ಹೌಸಿಂಗನ್ನು ಹೇಗೆ ಹಾಳು ಮಾಡುತ್ತದೆ ಅಂದರೆ, ಸ್ಪ್ರಿಂಗ್ ಕೂರುವ ಜಾಗದಲ್ಲಿ ಭಾರ ಕೆಳಕ್ಕೆ ಒತ್ತುತ್ತದೆ, ಎರಡು ತುದಿಯಲ್ಲಿ ಚಕ್ರ ಮೇಲಕ್ಕೆ ಒತ್ತುತ್ತದೆ. ನೊಗದ ಹಾಗೆ ನಡುವೆ ಕುಗ್ಗಿ ತುದಿಗಳು ಮೇಲೇಳುತ್ತವೆ. ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಜೋಡಿ ಟಯರಿನಲ್ಲಿ ಒಳಗಿನ ಟಯರು ಬೇಗ ಸವೆಯುತ್ತಿತ್ತಾ? ಅದರ ಒಳ ಅಂಚೇ ಮೊದಲು ಹೋಗುತ್ತಿತ್ತಾ? ಹೌದು ಅಂದರೆ ಹೌಸಿಂಗ್ ಬಾಗಿರುವ ಸಾಧ್ಯತೆ ಇದೆ. ಬಾಗಿದ ಹೌಸಿಂಗಿನಲ್ಲಿ ಭಾರ ಒಳ ಬೇರಿಂಗಿನ ಮೇಲೇ ಜಾಸ್ತಿ ಬೀಳುತ್ತದೆ, ನಿಮ್ಮದರಲ್ಲಿ ಸತ್ತಿದ್ದೂ ಅದೇ. ಬಾಗಿದೆ ಅಂತ ಖಚಿತವಾದರೆ ಮುಂದಿನ ವಿಚಾರಣೆಯೇ ಬೇಡ, ಹೌಸಿಂಗ್ ಬದಲಿಸಿ. ಬಿಸಿ ಮಾಡಿ ಒತ್ತಿ ನೆಟ್ಟಗೆ ಮಾಡ್ತೀವಿ ಅನ್ನೋರು ಸಿಗುತ್ತಾರೆ, ಬೇಡ.

ಈಗ ಬಿರುಕು ಹುಡುಕುವ ಕೆಲಸ. ಪೇಂಟ್ ಅಂಗಡಿಗಿಂತ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಮೂರು ಸ್ಪ್ರೇ ಡಬ್ಬಿಯ ಡೈ ಪೆನಿಟ್ರೆಂಟ್ ಸೆಟ್ ಸಿಗುತ್ತದೆ. ಒಂದು ತೊಳೆಯಲು, ಒಂದು ಕೆಂಪು ಬಣ್ಣ, ಒಂದು ಬಿಳಿ ಪುಡಿ. ಕೆಂಪು ಹೊಡೆದು ಹತ್ತು ಹದಿನೈದು ನಿಮಿಷ ಬಿಟ್ಟು, ಒರೆಸಿ, ಬಿಳಿ ಹೊಡೆದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಒಸರುತ್ತದೆ. ಸಿಗದಿದ್ದರೆ ನಮ್ಮ ಹಳೇ ಮೇಸ್ತ್ರಿಗಳ ಸೀಮೆಎಣ್ಣೆ, ಸೀಮೆಸುಣ್ಣದ ದಾರಿ ಇದೆ. ಸ್ಪಿಂಡಲನ್ನು ಚೆನ್ನಾಗಿ ಉಜ್ಜಿ ತೊಳೆದು ಸೀಮೆಎಣ್ಣೆ ಬಳಿದು ಅರ್ಧ ಗಂಟೆ ಬಿಡಿ. ಒಣಬಟ್ಟೆಯಲ್ಲಿ ಪೂರ್ತಿ ಒರೆಸಿ. ಸೀಮೆಸುಣ್ಣವನ್ನು ನುಣ್ಣಗೆ ಪುಡಿ ಮಾಡಿ ಬಳಿಯಿರಿ. ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ಬಿರುಕಿನಲ್ಲಿ ಅಡಗಿದ ಸೀಮೆಎಣ್ಣೆ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ ಮೂಡಿಸುತ್ತದೆ. ಡೈಯಷ್ಟು ಸೂಕ್ಷ್ಮ ಅಲ್ಲ, ಆದರೆ ಏನೂ ನೋಡದೆ ಇರುವುದಕ್ಕಿಂತ ಎಷ್ಟೋ ವಾಸಿ. ಬೇರಿಂಗ್ ಒರಗುವ ಮೂಲೆ, ಗ್ಯಾಸ್ ತಾಗಿದ ಜಾಗ, ಬ್ರೇಕ್ ಪ್ಲೇಟಿನ ಫ್ಲಾಂಜ್ ಹತ್ತಿರ, ಸ್ಪ್ರಿಂಗ್ ಕೂರುವ ಜಾಗದ ವೆಲ್ಡಿಂಗ್, ಈ ನಾಲ್ಕು ಕಡೆ ಬಿಡದೆ ನೋಡಿ.

ಆ ಗ್ಯಾಸಿನ ಗೀರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಗೀರು ಸ್ಪಿಂಡಲ್ಲಿನ ಉದ್ದಕ್ಕೆ ಬಿದ್ದಿದೆಯಾ, ಅಡ್ಡಡ್ಡ ಬಿದ್ದಿದೆಯಾ? ಕಬ್ಬಿನ ಜಲ್ಲೆಯನ್ನು ಮುರಿಯಲು ಅಡ್ಡ ಒಂದು ಕಚ್ಚು ಹಾಕುತ್ತೀವಿ, ಉದ್ದಕ್ಕೆ ಸೀಳಿದರೆ ಅಷ್ಟು ಸುಲಭವಾಗಿ ಮುರಿಯುವುದಿಲ್ಲ. ಇಲ್ಲೂ ಹಾಗೇ. ಲೋಡು ಸ್ಪಿಂಡಲನ್ನು ಬಾಗಿಸಲು ನೋಡುತ್ತದೆ, ಚಕ್ರ ಒಂದೊಂದು ಗುಂಡಿಗೆ ಬಿದ್ದಾಗಲೂ ಅಡ್ಡ ಗೀರು ಬಾಯಿ ತೆರೆಯಲು ನೋಡುತ್ತದೆ. ಒಳ ಬೇರಿಂಗಿನ ಜಾಗದಲ್ಲಿ, ಅದರಲ್ಲೂ ಬುಡದ ಮೂಲೆಯ ಹತ್ತಿರ ಅಡ್ಡ ಗೀರು ಇದ್ದರೆ, ಅದು ಉಗುರಿಗೆ ಸಿಗುವಷ್ಟು ಆಳ ಇದ್ದರೂ ಸಾಕು, ಹೌಸಿಂಗ್ ಬದಲಿಸಿ. ಉದ್ದ ಗೀರು, ತೆಳ್ಳಗಿದೆ, ಬಿರುಕಿಲ್ಲ ಅಂದರೆ ರಿಪೇರಿಗೆ ದಾರಿ ಇದೆ.

ಮುಂದೆ ಎಂದಾದರೂ ರೇಸು ಕಚ್ಚಿಕೊಂಡರೆ ಗ್ಯಾಸ್ ಕಟಿಂಗ್ ಮಾಡಿಸಬೇಡಿ. ತೆಳು ಬಿಲ್ಲೆಯ ಗ್ರೈಂಡರಿನಲ್ಲಿ ರೇಸಿನ ಮೇಲೆ ಉದ್ದಕ್ಕೆ ಒಂದು ಕಚ್ಚು ಕೊರೆಯಬೇಕು. ಮುಕ್ಕಾಲು ಪಾಲು ಕೊರೆದು ನಿಲ್ಲಿಸಬೇಕು. ಆಮೇಲೆ ಆ ಕಚ್ಚಿನಲ್ಲಿ ಉಳಿ ಇಟ್ಟು ಒಂದು ಪೆಟ್ಟು. ರೇಸು ಗಟ್ಟಿ ಉಕ್ಕು, ಗಾಜಿನ ಹಾಗೆ ಟಪ್ಪಂತ ಸೀಳುತ್ತದೆ. ಕಣ್ಣಿಗೆ ಕನ್ನಡಕ ಮರೆಯಬಾರದು, ಚೂರು ಸಿಡಿಯುತ್ತದೆ.

ಅಳತೆಗೆ ಹೋಗೋಣ. ಮೈಕ್ರೋಮೀಟರ್ ಇರುವ ಟರ್ನರ್ ಒಬ್ಬರನ್ನು ಗಾಡಿ ಹತ್ತಿರ ಕರೆಸಿ. ವರ್ನಿಯರ್ ಸಾಲದು. ಒಳ ಬೇರಿಂಗ್ ಜಾಗ, ಹೊರ ಬೇರಿಂಗ್ ಜಾಗ, ಎರಡರಲ್ಲೂ ಮೇಲೆ-ಕೆಳಗೆ ಒಮ್ಮೆ, ಅಕ್ಕ-ಪಕ್ಕ ಒಮ್ಮೆ ಅಳೆಯಬೇಕು. ಹೊಸ ಬೇರಿಂಗಿನ ತೂತಿನ ಅಳತೆ ಜೊತೆಗಿರಲಿ. ಬಲಗಡೆ ಸ್ಪಿಂಡಲನ್ನೂ ಅಳೆದರೆ ಸರಿಯಾದ ಸೈಜು ಏನು ಅಂತ ಗೊತ್ತಾಗುತ್ತದೆ. ಹೊಸ ಬೇರಿಂಗಿನ ಒಳ ರೇಸನ್ನು ಕೈಯಲ್ಲಿ ತಳ್ಳಿದರೆ ಜಾರಿಕೊಂಡು ಹೋಗಿ ಕೂರಬೇಕು. ಕೂತ ಮೇಲೆ ಹಿಡಿದು ಅಲ್ಲಾಡಿಸಿದರೆ ಕಟಕಟ ಅನ್ನಬಾರದು. ಅಂದರೆ ಇಲ್ಲಿ ಆಟ ಆಡುವುದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ. ನಿಮ್ಮ ಮೇಸ್ತ್ರಿ ಗ್ರೈಂಡರಿನಲ್ಲಿ ಕಣ್ಣಳತೆಗೆ ಉಜ್ಜಿದ ಮೇಲೆ ಅದು ದುಂಡಗಿರುವುದೂ ಇಲ್ಲ, ಹೊರ ಬೇರಿಂಗಿನ ಜಾಗದ ಜೊತೆ ಒಂದೇ ಗೆರೆಯಲ್ಲಿರುವುದೂ ಇಲ್ಲ. ಬೇರಿಂಗ್ ಕೂರುವುದು ಎರಡು ಮೂರು ಉಬ್ಬುಗಳ ಮೇಲೆ. ಮೊದಲ ಘಾಟಿಯಲ್ಲೇ ರೇಸು ಅಲ್ಲಿ ತಿರುಗಲು ಶುರು ಮಾಡುತ್ತದೆ.

ಬಿರುಕಿಲ್ಲ, ಬಾಗಿಲ್ಲ, ಸವೆತ ಬರೀ ಗೀಚಿದಷ್ಟು ಅಂತ ಬಂದರೆ ನಿಮ್ಮ ಅದೃಷ್ಟ. ಎದ್ದ ಮುಳ್ಳುಗಳನ್ನು ನುಣುಪು ಅರದಿಂದ ತೆಗೆದು, ಎಣ್ಣೆಕಲ್ಲು ಮತ್ತು ಸಣ್ಣ ಎಮರಿ ಕಾಗದದಿಂದ ಮಟ್ಟ ಮಾಡಿದರೆ ಸಾಕು. ತಗ್ಗನ್ನು ತುಂಬಿಸುವ ಗೋಜಿಗೆ ಹೋಗಬೇಡಿ. ಉಬ್ಬು ಮಾತ್ರ ಹೋಗಬೇಕು.

ಸವೆತ ಜಾಸ್ತಿ ಇದ್ದರೆ ಲೇತಿಗೆ ಹೋಗಲೇಬೇಕು. ಡಿಫರೆನ್ಷಿಯಲ್ ಇಳಿಸಿ, ಬರೀ ಹೌಸಿಂಗನ್ನು ಉದ್ದ ಬೆಡ್ಡಿನ ಲೇತಿಗೆ ಏರಿಸಬೇಕು. ಅಂಥ ಲೇತು ಎಲ್ಲಾ ಊರಲ್ಲಿ ಇರುವುದಿಲ್ಲ. ನಿಮಗೆ ತುಮಕೂರಿನಲ್ಲಿ ವಿಚಾರಿಸುವುದು ಹತ್ತಿರ, ಇಲ್ಲದಿದ್ದರೆ ಬೆಂಗಳೂರಿನ ಪೀಣ್ಯ. ಅಲ್ಲಿ ಎರಡು ದಾರಿ. ಒಂದು ಸ್ಲೀವ್ ಹಾಕುವುದು. ಸವೆದ ಜಾಗವನ್ನು ಇನ್ನಷ್ಟು ಸಣ್ಣಗೆ ಟರ್ನ್ ಮಾಡಿ, ಇಎನ್ 19ರಂಥ ಗಟ್ಟಿ ಉಕ್ಕಿನ ಬಳೆಯನ್ನು ಬಿಸಿ ಮಾಡಿ ತೊಡಿಸಿ, ಆರಿದ ಮೇಲೆ ಬೇರಿಂಗಿನ ಸೈಜಿಗೆ ತರುವುದು. ಗಾಡಿ ಚಕ್ರಕ್ಕೆ ಕಮ್ಮಾರರು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುತ್ತಿದ್ದರಲ್ಲ, ಅದೇ ಸೂತ್ರ. ಆ ಜಾಗದ ಅಡ್ಡಗಲ 80 ಮಿಲಿಮೀಟರ್ ಇದ್ದರೆ ಬಳೆಯ ತೂತು ಸುಮಾರು 0.08 ಮಿಲಿಮೀಟರ್ ಚಿಕ್ಕದಾಗಿರಬೇಕು. ಬಳೆಯನ್ನು 180 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ಅದು ಸುಮಾರು 0.17 ಮಿಲಿಮೀಟರ್ ಹಿಗ್ಗುತ್ತದೆ, ಸಲೀಸಾಗಿ ಕೂರುತ್ತದೆ. ಕೂತು ಆರಿದ ಮೇಲೆ ಸುತ್ತಿಗೆಗೂ ಬಗ್ಗುವುದಿಲ್ಲ.

ಸ್ಲೀವ್ ಹೊರ ಬೇರಿಂಗಿನ ಜಾಗಕ್ಕೆ ಒಳ್ಳೆಯ ರಿಪೇರಿ. ಅಲ್ಲಿ ಸ್ಪಿಂಡಲನ್ನು ಬಾಗಿಸುವ ಬಲ ಕಡಿಮೆ. ಒಳ ಬೇರಿಂಗಿನ ಜಾಗಕ್ಕೆ ಬಂದರೆ ನಾನು ಹಿಂದೆ ಮುಂದೆ ನೋಡುತ್ತೇನೆ. ಚಕ್ರದ ಭಾರ ಪೂರ್ತಿ ಬಾಗಿಸಲು ನೋಡುವುದು ಸ್ಪಿಂಡಲ್ಲಿನ ಬುಡವನ್ನೇ, ಅಲ್ಲಿ ಕಬ್ಬಿಣ ಕೊರೆದು ತೆಳ್ಳಗೆ ಮಾಡುವುದು ಅಂದರೆ ಸುಮ್ನೆ ಮಾತಲ್ಲ. ಕೊಳವೆಯ ಗೋಡೆ ಎಷ್ಟು ದಪ್ಪ ಇದೆ, ಕೊರೆದ ಮೇಲೆ ಎಷ್ಟು ಉಳಿಯುತ್ತದೆ ಅಂತ ಟರ್ನರ್ ಲೆಕ್ಕ ಹಾಕಿ ಹೇಳಬೇಕು. ಟರ್ನ್ ಮಾಡಿದಲ್ಲಿ ಮೂಲೆ ಚೂಪಾಗಿರಬಾರದು, ಬಟ್ಟಲಿನ ತಳದ ಹಾಗೆ ದುಂಡಗೆ ತಿರುಗಿರಬೇಕು. ಚೂಪು ಮೂಲೆ ಅಂದರೆ ನಾವೇ ಕೈಯಾರೆ ಅಡ್ಡ ಗೀರು ಹಾಕಿಕೊಟ್ಟ ಹಾಗೆ.

ಇನ್ನೊಂದು ದಾರಿ ವೆಲ್ಡಿಂಗ್ ತುಂಬಿಸಿ ಟರ್ನ್ ಮಾಡುವುದು. ವೆಲ್ಡಿಂಗ್ ಅಂದರೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಮಾಡಿದರೆ ಹೊರ ಬೇರಿಂಗಿನ ಜಾಗಕ್ಕೂ ಥ್ರೆಡ್ಡಿಗೂ ನಡೆಯುತ್ತದೆ. ಒಳ ಬೇರಿಂಗಿನ ಜಾಗದ ಮಧ್ಯಭಾಗಕ್ಕೂ ಅನುಭವಸ್ಥರು ಮಾಡಬಹುದು, ಬುಡದ ಮೂಲೆಯಿಂದ ದೂರ ಇರಬೇಕು ಅಷ್ಟೇ. ಸರಿಯಾಗಿ ಅಂದರೆ ಹೇಗೆ? ಡಿಫರೆನ್ಷಿಯಲ್ ಒಳಗಿರಬಾರದು. ಅರ್ತ್ ಕ್ಲಾಂಪನ್ನು ಎಲ್ಲೋ ಚಾಸಿಗೆ ಹಾಕಿ ವೆಲ್ಡಿಂಗ್ ಮಾಡಿದರೆ ಕರೆಂಟು ಪಿನಿಯನ್ ಬೇರಿಂಗುಗಳ ಮೂಲಕ ಹಾದು ರೋಲರುಗಳಲ್ಲಿ ಗುಳಿ ತೋಡುತ್ತದೆ, ಎರಡು ತಿಂಗಳಿಗೆ ಡಿಫರೆನ್ಷಿಯಲ್ ಕೂಗಲು ಶುರು. ಸ್ಪಿಂಡಲನ್ನು ಮೊದಲು ನಿಧಾನಕ್ಕೆ 200 ಡಿಗ್ರಿಗೆ ಕಾಯಿಸಬೇಕು. ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದಾಗ ಹನಿ ಉಂಡೆ ಕಟ್ಟಿಕೊಂಡು ಓಡುತ್ತದಲ್ಲ, ಸುಮಾರು ಆ ಹದ. 7018 ನಂಬರಿನ ವೆಲ್ಡಿಂಗ್ ರಾಡನ್ನು ಓವನ್ನಿನಲ್ಲಿ ಒಣಗಿಸಿ ಬಳಸಬೇಕು, ತೇವ ಹೀರಿದ ರಾಡ್ ಒಳಗೊಳಗೇ ಬಿರುಕು ಬಿಡಿಸುತ್ತದೆ. ಗೆರೆಗಳನ್ನು ಉದ್ದಕ್ಕೆ ಎಳೆಯಬೇಕು, ಸುತ್ತ ಬಳೆಯಾಗಿ ಅಲ್ಲ. ಒಂದು ಗೆರೆ ಮೇಲೆ ಎಳೆದರೆ ಮುಂದಿನದು ಅದರ ಎದುರು ಕೆಳಗೆ, ಆಗ ತುದಿ ಒಂದು ಕಡೆಗೆ ಎಳೆದುಕೊಳ್ಳುವುದಿಲ್ಲ. ಮುಗಿದ ಮೇಲೆ ನೀರಾಗಲೀ ಫ್ಯಾನಾಗಲೀ ತಾಗಬಾರದು. ಒಣ ಸುಣ್ಣದ ಪುಡಿಯಲ್ಲೋ ಬೂದಿಯಲ್ಲೋ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಮತ್ತೆ ಬಿರುಕು ಪರೀಕ್ಷೆ, ಆಮೇಲೆ ಲೇತು. ಇದು ಒಂದೇ ದಿನದ ಕೆಲಸ ಅಲ್ಲ ಅನ್ನೋದು ಈಗ ಗೊತ್ತಾಯಿತಲ್ಲ.

ಇಷ್ಟೆಲ್ಲಾ ಕೂಲಿ ಲೆಕ್ಕ ಹಾಕಿದರೆ ಎಷ್ಟೋ ಸಲ ಒಳ್ಳೆಯ ಸೆಕೆಂಡ್ ಹ್ಯಾಂಡ್ ಹೌಸಿಂಗಿನ ಬೆಲೆಯ ಹತ್ತಿರವೇ ಬಂದಿರುತ್ತದೆ. ನಿಮ್ಮ ಗಾಡಿಯ ಹಿಂದಿನ ಕಥೆ ನೋಡಿದರೆ ನನ್ನ ಮನಸ್ಸು ಹೌಸಿಂಗ್ ಬದಲಿಸುವ ಕಡೆಗೇ ವಾಲುತ್ತದೆ. ಎಡಗಡೆ ಬುಡ ಚೆನ್ನಾಗಿದ್ದು, ಗೀರು ಉದ್ದಕ್ಕಿದ್ದು, ಹೌಸಿಂಗ್ ನೆಟ್ಟಗಿದ್ದರೆ ಮಾತ್ರ ರಿಪೇರಿ. ಈ ಮೂರರಲ್ಲಿ ಒಂದು ತಪ್ಪಿದರೂ ಬದಲಿಸಿ.

ಸೆಕೆಂಡ್ ಹ್ಯಾಂಡ್ ಹೌಸಿಂಗ್ ಕೊಳ್ಳಲು ಹೋಗುವಾಗ ಅದೇ ಸೀಮೆಎಣ್ಣೆ, ಸೀಮೆಸುಣ್ಣ, ಒಂದು ಹೊಸ ಬೇರಿಂಗ್ ಜೋಡಿ, ಉದ್ದದ ಟೇಪು ತಗೊಂಡು ಹೋಗಿ. ಹೊಸ ಬೇರಿಂಗನ್ನು ಅಲ್ಲೇ ನಾಲ್ಕೂ ಜಾಗಕ್ಕೆ ತೊಡಿಸಿ ನೋಡಿ. ಸ್ಪ್ರಿಂಗ್ ಕೂರುವ ಜಾಗಗಳ ನಡುವಿನ ಅಂತರ, ಬ್ರೇಕ್ ಫ್ಲಾಂಜಿನ ತೂತುಗಳು, ಡಿಫರೆನ್ಷಿಯಲ್ ಕೂರುವ ಮುಖದ ತೂತುಗಳು ನಿಮ್ಮದಕ್ಕೆ ಹೊಂದಬೇಕು. ಹೊಸದಾಗಿ ಬಳಿದ ಪೇಂಟ್ ಕಂಡರೆ ಕೆರೆಸಿ ನೋಡಿ, ಅಡಿಯಲ್ಲಿ ಹಳೇ ವೆಲ್ಡಿಂಗ್ ಅಡಗಿರಬಹುದು. ಬಿಲ್ಲು ಇಲ್ಲದೆ ತರಬೇಡಿ, ಕಳ್ಳಮಾಲು ಆಗಿದ್ದರೆ ನಿಮ್ಮ ಕುತ್ತಿಗೆಗೆ ಬರುತ್ತದೆ.

ಹೌಸಿಂಗ್ ಮಾತ್ರ ತಂದರೆ ಕ್ರೌನ್ ಪಿನಿಯನ್ (ಡಿಫರೆನ್ಷಿಯಲ್ಲಿನ ದೊಡ್ಡ ಮತ್ತು ಚಿಕ್ಕ ಹಲ್ಲುಚಕ್ರದ ಜೋಡಿ) ನಿಮ್ಮದೇ ಇರುತ್ತದೆ, ರೇಶಿಯೋ ಚಿಂತೆ ಇಲ್ಲ. ಡಿಫರೆನ್ಷಿಯಲ್ ಸಮೇತ ತರುವುದಾದರೆ ಹಲ್ಲು ಎಣಿಸಿ. ಪಿನಿಯನ್ 6, ಕ್ರೌನ್ 41 ಇದ್ದರೆ ರೇಶಿಯೋ 6.83. ಪಿನಿಯನ್ 7 ಆದರೆ 5.86. ಎರಡನೆಯದು ಬಂದರೆ ಲೋಡಿನಲ್ಲಿ ಶಿರಾಡಿ ಹತ್ತುವಾಗ ಒಂದು ಗೇರು ಕೆಳಗೇ ಹತ್ತಬೇಕಾಗುತ್ತದೆ. ಸದ್ದಿಲ್ಲದೆ ಓಡುತ್ತಿರುವ ಕ್ರೌನ್ ಪಿನಿಯನ್ನಿಗೆ ಕೈ ಹಾಕಬೇಡಿ. ಆಯಿಲ್ ಮಾತ್ರ ಪೂರ್ತಿ ಬದಲಿಸಿ, ಬೇರಿಂಗಿನ ಪುಡಿ ಅದರೊಳಗೆ ಹೋಗಿಯೇ ಇರುತ್ತದೆ. ಹೈಪಾಯಿಡ್ ಗೇರಿಗೆ ಜಿಎಲ್-5 ದರ್ಜೆಯದೇ ಬೇಕು, ಮಟ್ಟ ಫಿಲ್ಲರ್ ತೂತಿನ ಅಂಚಿಗೆ. ಇರಲಿ ಅಂತ ಜಾಸ್ತಿ ತುಂಬಿಸಿದರೆ ಅದೇ ಮತ್ತೆ ಹಬ್ಬಿಗೆ ಬರುತ್ತದೆ.

ಹಬ್ಬಿನ ವಿಷಯ ಬೇಗ ಹೇಳುತ್ತೇನೆ. ಬೇರಿಂಗಿನ ಹೊರ ಕಪ್ಪು (ಹೊರಗಿನ ಉಂಗುರ) ಹಬ್ಬಿನೊಳಗೆ ಬಿಗಿಯಾಗಿ ಕೂರಬೇಕು, ಬಡಿದು ಕೂರಿಸುವಷ್ಟು. ಕೈಯಲ್ಲಿ ಒತ್ತಿದರೇ ಇಳಿಯುತ್ತದೆ ಅಂದರೆ ಹಬ್ ಹೋಗಿದೆ. ಪಂಚ್ ಇಟ್ಟು ಒಳಗೆ ಚುಕ್ಕಿ ಚುಕ್ಕಿ ಹೊಡೆದು ಬಿಗಿ ಮಾಡುವ ಅಭ್ಯಾಸ ಇದೆ. ಆ ಚುಕ್ಕಿಗಳು ಒಂದು ವಾರಕ್ಕೆ ಮಟ್ಟವಾಗುತ್ತವೆ. ಹಬ್ ಬದಲಿಸಿ. ಬೇರಿಂಗಿನ ಕಪ್ಪು ಒಂದು ಕಂಪನಿಯದು, ಒಳ ರೇಸು ಇನ್ನೊಂದು ಕಂಪನಿಯದು ಹಾಕಬೇಡಿ. ಜೋಡಿಯಾಗಿ ಬಂದದ್ದು ಜೋಡಿಯಾಗಿಯೇ ಇರಲಿ.

ಸ್ಟಡ್ ಎರಡು ಮುರಿದಿವೆ ಅಂದರೆ ಉಳಿದವೂ ದಣಿದಿವೆ ಅಂತಲೇ ಅರ್ಥ. ಅಷ್ಟನ್ನೂ ಬದಲಿಸಿ, ಅವುಗಳ ಕೋನ್ ಬುಷ್ ಸಮೇತ. ಆ ಬುಷ್ ಫ್ಲಾಂಜಿನ ತೂತಿನಲ್ಲಿ ಬೆಣೆಯ ಹಾಗೆ ಕೂತು ಫ್ಲಾಂಜ್ ಅಲುಗದಂತೆ ಹಿಡಿಯುತ್ತದೆ. ಅದಿಲ್ಲದೆ ಬರೀ ವಾಷರ್ ಹಾಕಿದರೆ ಫ್ಲಾಂಜ್ ಕುಣಿದು ಕುಣಿದು ಸ್ಟಡ್ಡನ್ನು ಕತ್ತರಿಸುತ್ತದೆ. ತೂತು ಮೊಟ್ಟೆಯಾಕಾರ ಆಗಿದ್ದರೆ ಶಾಫ್ಟೂ ಹೋಯಿತು. ಶಾಫ್ಟಿನ ತುದಿಯ ಹಲ್ಲುಗಳು ನೇರವಾಗಿವೆಯಾ ನೋಡಿ, ಹಗ್ಗ ಹೊಸೆದ ಹಾಗೆ ತಿರುಚಿದ್ದರೆ ಬದಲಿಸಿ. ಶಾಫ್ಟಿಗೆ ವೆಲ್ಡಿಂಗ್ ಅನ್ನೋ ಮಾತೇ ಬೇಡ. ಮೇಲ್ಮೈ ಗಟ್ಟಿ ಮಾಡಿದ ಉಕ್ಕು ಅದು, ವೆಲ್ಡಿಂಗ್ ಬಿಸಿಗೆ ಆ ಗಟ್ಟಿತನ ಹೋಗುತ್ತದೆ.

ಸ್ಪಿಂಡಲ್ ಥ್ರೆಡ್ಡಿನ ಮೊದಲ ಒಂದೆರಡು ಸುತ್ತು ಮಾತ್ರ ಜಜ್ಜಿದ್ದರೆ ಮೂರುಮೂಲೆ ಅರದಲ್ಲಿ ತಾಳ್ಮೆಯಿಂದ ತೆರೆಯಬಹುದು. ಹೊಸ ನಟ್ಟು ಕೈಯಲ್ಲೇ ಕೊನೆತನಕ ತಿರುಗಬೇಕು. ಲಾಕ್ ವಾಷರ್ ಹೊಸದೇ ಹಾಕಿ. ನಟ್ಟು ಸಡಿಲವಾಗುತ್ತದೆ ಅಂತ ಅದಕ್ಕೆ ವೆಲ್ಡಿಂಗ್ ಚುಕ್ಕಿ ಇಡಿಸುವವರಿದ್ದಾರೆ, ದಯವಿಟ್ಟು ಬಿಡಬೇಡಿ.

ಜೋಡಿಸುವ ದಿನ ನೀವೇ ಪಕ್ಕದಲ್ಲಿ ನಿಲ್ಲಿ. ಗಾಡಿ ಬರೀ ಜಾಕಿ ಮೇಲೆ ನಿಂತಿರಬಾರದು, ಅಡಿಗೆ ದಿಮ್ಮಿ ಇರಲಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಸೀಲ್ ಹೊಸದು ಹಾಕಿ, ಸೀಲ್ ಉಜ್ಜುವ ಜಾಗದಲ್ಲಿ ಉಗುರಿಗೆ ಕಚ್ಚು ಸಿಕ್ಕಿದರೆ ಅಲ್ಲಿನ ರಿಂಗೂ ಹೊಸದು. ಗ್ರೀಸನ್ನು ಬೇರಿಂಗಿನ ಮೇಲೆ ಬಳಿದರೆ ಆಗಲಿಲ್ಲ. ಎಡ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ಗ್ರೀಸ್ ತಗೊಂಡು, ಬೇರಿಂಗಿನ ದಪ್ಪ ಅಂಚನ್ನು ಅಂಗೈಗೆ ಒತ್ತಿ ಒತ್ತಿ ಎಳೆಯಬೇಕು. ಗ್ರೀಸ್ ಕೆಳಗಿನಿಂದ ಹೊಕ್ಕು ರೋಲರುಗಳ ಸಂದಿಯಿಂದ ಶಾವಿಗೆಯ ಹಾಗೆ ಮೇಲೆ ಬರಬೇಕು. ಒಂದು ಸುತ್ತು ಪೂರ್ತಿ ಬರುವವರೆಗೂ ಬಿಡಬಾರದು. ಹಬ್ಬಿನ ಹೊಟ್ಟೆಗೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು. ತುಂಬಾ ತುರುಕಿದರೆ ಅದೇ ಕಲಕಿ ಬಿಸಿಯಾಗುತ್ತದೆ. ಲಿಥಿಯಂ ಕಾಂಪ್ಲೆಕ್ಸ್ ಬೇರಿಂಗ್ ಗ್ರೀಸೇ ಇರಲಿ, ಚಾಸಿಗೆ ಹೊಡೆಯುವ ಗ್ರೀಸ್ ಘಾಟಿ ಬಿಸಿಗೆ ನಿಲ್ಲುವುದಿಲ್ಲ.

ನಟ್ಟು ಬಿಗಿ ಮಾಡುವಾಗ ಬ್ರೇಕ್ ಪೂರ್ತಿ ಸಡಿಲ ಇರಬೇಕು. ಒಬ್ಬರು ಹಬ್ಬನ್ನು ಎರಡೂ ಕಡೆಗೆ ತಿರುಗಿಸುತ್ತಾ ಇರಬೇಕು, ಇನ್ನೊಬ್ಬರು ಬಿಗಿ ಮಾಡಬೇಕು. ಆಗ ರೋಲರುಗಳು ತಮ್ಮ ಜಾಗಕ್ಕೆ ಹೋಗಿ ಕೂರುತ್ತವೆ. ಆಮೇಲೆ ನಟ್ಟನ್ನು ಸ್ವಲ್ಪ ಹಿಂದಕ್ಕೆ ಬಿಟ್ಟು ಲಾಕ್ ಮಾಡಿ, ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಮುಳ್ಳಿನ ಗೇಜು) ಇಟ್ಟು ಹಬ್ಬನ್ನು ಒಳಗೂ ಹೊರಗೂ ತಳ್ಳಿ ನೋಡಿ. ಈ ಥರದ ಹಬ್ಬುಗಳಲ್ಲಿ ಸಾಮಾನ್ಯವಾಗಿ 0.025ರಿಂದ 0.125 ಮಿಲಿಮೀಟರ್ ಆಟ ಇರಬೇಕು. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಬೇರೆ ಲೆಕ್ಕ ಇದ್ದರೆ ಅದನ್ನೇ ಹಿಡಿಯಿರಿ. ಗೇಜ್ ಇಲ್ಲದ ಗ್ಯಾರೇಜಿನವರು ಕೈ ಲೆಕ್ಕದಲ್ಲಿ ಮಾಡುತ್ತಾರೆ, ಮೂವತ್ತು ವರ್ಷದ ಕೈ ಆದರೆ ಸರಿಯಾಗಿಯೇ ಮಾಡುತ್ತಾರೆ. ಆದರೂ ಹೊಸ ಹೌಸಿಂಗಿಗೆ ಗೇಜ್ ಇಡಿಸಿ.

ಲೋಡಿಲ್ಲದೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಎಡ ಬಲ ಎರಡೂ ಹಬ್ಬಿನ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಟ್ಟುಕೊಳ್ಳಲು ಆಗದಷ್ಟು ಸುಡುತ್ತಿದ್ದರೆ, ಇಲ್ಲಾ ಒಂದಕ್ಕಿಂತ ಇನ್ನೊಂದು ಎದ್ದು ಕಾಣುವಷ್ಟು ಬಿಸಿ ಇದ್ದರೆ ಮತ್ತೆ ಬಿಚ್ಚಿಸಿ. ಚಕ್ರದ ನಟ್ಟು, ಶಾಫ್ಟಿನ ನಟ್ಟು ಎರಡನ್ನೂ ನೂರು ಕಿಲೋಮೀಟರ್ ಒಳಗೆ ಇನ್ನೊಮ್ಮೆ ಬಿಗಿ ನೋಡಿ.

ಬಲಗಡೆ ಹಬ್ಬನ್ನೂ ಈಗಲೇ ಬಿಚ್ಚಿಸಿ ನೋಡಿ. ಅದೂ ಅದೇ ಅದಿರನ್ನೇ ಹೊತ್ತಿದೆ, ಅದೇ ಬ್ರೀದರಿನ ಕೆಳಗೇ ಇದೆ. ಮೊದಲ ಲೋಡಿಗೆ ಹೋಗುವಾಗ ಸಕಲೇಶಪುರದಲ್ಲಿ, ಇಳಿಯುವ ಮೊದಲು, ಟೀ ಕುಡಿಯಲು ನಿಂತಾಗ ನಾಲ್ಕೂ ಹಬ್ ಮುಟ್ಟಿ ನೋಡಿ. ಗುಂಡ್ಯದಲ್ಲಿ ಇನ್ನೊಮ್ಮೆ ನಿಲ್ಲಿಸಿ. ಅಲ್ಲಿ ಬ್ರೇಕಿನಿಂದ ಎಲ್ಲಾ ಹಬ್ಬುಗಳೂ ಬಿಸಿಯೇ ಇರುತ್ತವೆ, ಡ್ರಮ್ಮಿಗೆ ಕೈ ತಾಗಿಸಬೇಡಿ. ಹಿಂದಿನ ಎಡಗಡೆಯ ಹಬ್ ಬಲಗಡೆಯದಕ್ಕಿಂತ ಜಾಸ್ತಿ ಬಿಸಿ ಇದೆಯಾ ಅನ್ನೋದನ್ನು ಮಾತ್ರ ನೋಡಿ. ಬಿರುಕು ಪರೀಕ್ಷೆಯಲ್ಲಿ ಗೆರೆ ಏನಾದರೂ ಕಂಡರೆ ಹತ್ತಿರದಿಂದ ಫೋಟೋ ತೆಗೆದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಕಳಿಸಿ, ನೋಡಿ ಹೇಳುತ್ತೇನೆ.